ಡೊಂಕು ದಿಮ್ಮಿಯಿಂದ ಹೆಚ್ಚು ಹಲಗೆ

ಪ್ರಶ್ನೆ: ನಮ್ಮ ಮಿಲ್ಲಿಗೆ ಬರುವ ದಿಮ್ಮಿಗಳಲ್ಲಿ ಅರ್ಧಕ್ಕರ್ಧ ಡೊಂಕು. ಬ್ಲೇಡ್ ಅಡ್ಡಲಾಗಿ ಓಡುವ ಬ್ಯಾಂಡ್ ಸಾದಲ್ಲಿ ಕೊಯ್ದರೆ ಸೌದೆಯೇ ಜಾಸ್ತಿ. ಬಾಗಿನ ಗುಂಟ ಕೊಯ್ಯುವ ಗ್ಯಾಂಗ್ ಸಾ (ಹಲವು ಬ್ಲೇಡ್ ಒಟ್ಟಿಗೆ ಓಡುವ ಗರಗಸ) ಕೊಳ್ಳಲೇಬೇಕೆ?

ಉತ್ತರ: ಮೊದಲು ದಾರ ಹಿಡಿದು ಅಳೆಯಿರಿ. ದಿಮ್ಮಿಯ ಒಳಬಾಗಿದ ಮಗ್ಗುಲಲ್ಲಿ ಈ ತುದಿಯಿಂದ ಆ ತುದಿಗೆ ದಾರ ಬಿಗಿದು, ನಡುವಿನ ಅತಿ ಹೆಚ್ಚಿನ ಸಂದು ನೋಡಿ. ಬುಡದ ಉಬ್ಬಿನ ಮೇಲೆ ದಾರ ಕೂತರೆ ಇಲ್ಲದ ಡೊಂಕು ಕಾಣುತ್ತದೆ, ಉಬ್ಬು ಬಿಟ್ಟು ಹಿಡಿಯಿರಿ. ನೇರವಾಗಿ ಕೊಯ್ದಾಗ ಪೂರ್ತಿ ಉದ್ದದ ಹಲಗೆಗೆ ಸಿಗುವ ದಪ್ಪ, ಸುಮಾರಾಗಿ, ಸಣ್ಣ ತುದಿಯ ವ್ಯಾಸದಲ್ಲಿ ಈ ಸಂದನ್ನು ಕಳೆದಷ್ಟು. 4 ಮೀಟರ್ ದಿಮ್ಮಿಯ ತುದಿ 30 ಸೆಂ.ಮೀ., ಡೊಂಕು 8 ಸೆಂ.ಮೀ. ಇದ್ದರೆ ಉಳಿಯುವುದು 22. ಬಾಗು ಉದ್ದಕ್ಕೂ ಒಂದೇ ಸಮನಾಗಿದ್ದು, ನಡುವೆ ಕತ್ತರಿಸಿದರೆ ಪ್ರತಿ ತುಂಡಿನ ಡೊಂಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ: ಬರೀ 2 ಸೆಂ.ಮೀ. ಮೊಣಕೈಯಂತೆ ಒಂದೇ ಕಡೆ ತಿರುಗಿದ ದಿಮ್ಮಿಯನ್ನು ಆ ತಿರುವಿನಲ್ಲೇ ಕತ್ತರಿಸಿ. 2 ಮೀಟರ್ ಹಲಗೆಗೆ ಗಿರಾಕಿ ಇದ್ದರೆ ಹೊಸ ಯಂತ್ರ ಬೇಡ.

ಈಗಿನ ಯಂತ್ರದಲ್ಲಿ ಗೂನು ಮೇಲಾಗಿಸಿ ಮಲಗಿಸಿ. ಮೊದಲು ತುಂಡು ಹಲಗೆ ಬಂದರೂ ನಡುವಿನವು ಪೂರ್ತಿ ಅಗಲಕ್ಕೆ, ನೇರಕ್ಕೆ ಬರುತ್ತವೆ. ಹೊಟ್ಟೆಯಡಿ ಬೆಣೆ ಕೊಡಲು ಮರೆಯಬೇಡಿ. ದಿಮ್ಮಿ ನಡುಗಿದರೆ ಹಲಗೆಯ ದಪ್ಪ ಏರುಪೇರಾಗುತ್ತದೆ.

ಪ್ರಶ್ನೆ: ನಮಗೆ ಉದ್ದದ ಹಲಗೆಯೇ ಬೇಕು. ಗ್ಯಾಂಗ್ ಸಾ ಬಾಗಿನ ಗುಂಟ ಕೊಯ್ದರೆ ಹಲಗೆಯೂ ಡೊಂಕಾಗುವುದಿಲ್ಲವೆ?

ಉತ್ತರ: ಆಗುತ್ತದೆ, ಆದರೆ ದಪ್ಪದ ದಿಕ್ಕಿನಲ್ಲಿ. ತೆಳು ಹಲಗೆಯನ್ನು ಹಸಿಯಿದ್ದಾಗಲೇ ಅಡ್ಡಪಟ್ಟಿ ಇಟ್ಟು ಪೇರಿಸಿ, ಮೇಲೆ ಭಾರ ಹೇರಿ ಒಣಗಿಸಿದರೆ ಬಹುಪಾಲು ನೇರವಾಗುತ್ತದೆ. ದಪ್ಪ ತೊಲೆ ಹಾಗೆ ಮಣಿಯುವುದಿಲ್ಲ. ಇನ್ನೊಂದು ದೊಡ್ಡ ಲಾಭವಿದೆ: ನೇರ ಕೊಯ್ತದಲ್ಲಿ ನಾರಿನೆಳೆ ಹಲಗೆಯ ಅಂಚಿಗೆ ಓರೆಯಾಗಿ ತುಂಡಾಗಿ ಬಲ ಕುಂದುತ್ತದೆ, ಬಾಗಿನ ಗುಂಟ ಕೊಯ್ದಾಗ ಎಳೆ ಉದ್ದಕ್ಕೂ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಯಂತ್ರಕ್ಕೆ ಹಣ ಹಾಕಲು ಇದೇ ಮುಖ್ಯ ಕಾರಣ.

ಆದರೆ ಇಲ್ಲಿ ದಿಮ್ಮಿ ಮಲಗಿಸುವ ಕ್ರಮ ತಿರುಗುಮುರುಗು. ಗೂನು ಪಕ್ಕಕ್ಕೆ ಬರಬೇಕು. ಮೇಲೆ ಕೆಳಗೆ ಚಪ್ಪಟೆ ಮಾಡಿ, ಆ ಬಾಗಿದ ತೊಲೆಯನ್ನು ಚಪ್ಪಟೆ ಮುಖದ ಮೇಲೆಯೇ ಒಳಬಿಡಿ. ಸ್ಕ್ಯಾನರ್ ಬಾಗನ್ನು ಓದುತ್ತದೆ, ಗರಗಸದ ಪೆಟ್ಟಿಗೆಯೋ ತಳ್ಳುವ ರೋಲರುಗಳೋ ಅದಕ್ಕೆ ತಕ್ಕಂತೆ ತಿರುಗುತ್ತವೆ. ದಿಮ್ಮಿಯನ್ನು ಉರುಳಿಸುವಾಗ ಕೋನ ತಪ್ಪಿದರೆ ಬಾಗಿನ ಒಂದು ಪಾಲು ಮೇಲ್ಮುಖವಾಗಿ ಉಳಿಯುತ್ತದೆ, ಅದನ್ನು ಗ್ಯಾಂಗ್ ಸಾ ಸರಿಪಡಿಸಲಾರದು. ಎರಡು ದಿಕ್ಕಿಗೆ ತಿರುಚಿದ ದಿಮ್ಮಿಗೂ ಇದೇ ತೊಡಕು. ತೀರಾ ಬಿಗಿಯಾದ ತಿರುವಿನಲ್ಲಿ ಬ್ಲೇಡಿನ ಮೈ ಮರಕ್ಕೆ ಉಜ್ಜಿ ಕಾದು, ಬಿಗಿ ಕಳೆದುಕೊಂಡು ಅಲೆಯುತ್ತದೆ. ಯಂತ್ರದ ತಯಾರಕರು ಹೇಳಿದ ಮಿತಿ ಮೀರಿದ ದಿಮ್ಮಿಯನ್ನು ಮೊದಲೇ ಬೇರೆ ಮಾಡಿ.

ಪ್ರಶ್ನೆ: ನೇರವಾಗಿ ಕೊಯ್ದ ಹಲಗೆಯೂ ಒಣಗಿದ ಮೇಲೆ ಬಾಗುವುದೇಕೆ?

ಉತ್ತರ: ವಾಲಿ ಬೆಳೆದ ಮರ ತನ್ನನ್ನು ಎತ್ತಿ ನಿಲ್ಲಿಸಿಕೊಳ್ಳಲು ಒಂದು ಮಗ್ಗುಲಲ್ಲಿ ಬೇರೆಯೇ ಬಗೆಯ ಮರ ಕಟ್ಟುತ್ತದೆ. ಪೈನ್ ಜಾತಿಯಲ್ಲಿ ಅದು ವಾಲಿನ ಕೆಳಮಗ್ಗುಲಲ್ಲಿ, ಅಗಲ ಎಲೆಯ ಮರಗಳಲ್ಲಿ ಸಾಮಾನ್ಯವಾಗಿ ಮೇಲ್ಮಗ್ಗುಲಲ್ಲಿ. ಒಣಗುವಾಗ ಅದು ಉದ್ದದಲ್ಲಿ ಹೆಚ್ಚು ಕುಗ್ಗಿ ಹಲಗೆಯನ್ನು ಎಳೆಯುತ್ತದೆ. ಅಡ್ಡ ಕತ್ತರಿಸಿದ ಮುಖದಲ್ಲಿ ತಿರುಳು ನಡುವೆ ಇಲ್ಲದೆ, ಉಂಗುರಗಳು ಒಂದೇ ಕಡೆ ಅಗಲವಾಗಿದ್ದರೆ ಅನುಮಾನಿಸಿ. ಆ ಮಗ್ಗುಲನ್ನು ಬೇರೆಯಾಗಿ ಕೊಯ್ದು ಚಿಕ್ಕ ತುಂಡುಗಳಿಗೆ ಬಳಸಿ.