ಸೆಪ್ಟಿಕ್ ಟ್ಯಾಂಕಿನ ಕೆಸರು ಈರುಳ್ಳಿ ಗದ್ದೆಗೆ ಆಗುತ್ತದಾ?

ಪ್ರಶ್ನೆ: ಅಕ್ಕಾ, ನಮ್ಮದು ಕುಮಟಾ ಹತ್ತಿರ ಸಣ್ಣ ಗದ್ದೆ. ಭತ್ತ ಕೊಯ್ದ ಮೇಲೆ ಈರುಳ್ಳಿ ಹಾಕುತ್ತೇವೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿಯವರು ಕೆಸರನ್ನು ಪುಕ್ಕಟೆ ಸುರಿದು ಹೋಗುತ್ತೇವೆ ಎನ್ನುತ್ತಾರೆ. ಎರಡು ತಿಂಗಳು ಬಿಸಿಲಲ್ಲಿ ಒಣಗಿಸಿ ಗದ್ದೆಗೆ ಹಾಕಬಹುದಾ?
– ಒಬ್ಬ ಓದುಗ, ಕುಮಟಾ

ಉತ್ತರ: ಬೇಡ ತಮ್ಮಾ. ಈರುಳ್ಳಿಗಂತೂ ಬೇಡವೇ ಬೇಡ.

ಒಣಗಿದರೆ ವಾಸನೆ ಹೋಗುತ್ತದೆ, ನಿಜ. ಜಂತುಹುಳದ ಮೊಟ್ಟೆ ಹೋಗುವುದಿಲ್ಲ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕುಮಟಾ ಈರುಳ್ಳಿ ಸಿಹಿ ಅಂತ ಜನ ಹಸಿಯಾಗಿಯೇ ತಿನ್ನುತ್ತಾರೆ, ಅಲ್ವಾ? ಹೆದ್ದಾರಿ ಬದಿಯಲ್ಲಿ ಗೊಂಚಲು ಕೊಳ್ಳುವವರು ಅದು ಬೆಳೆದ ಮಣ್ಣನ್ನು ನೋಡಿರುವುದಿಲ್ಲ. ನಿಮ್ಮನ್ನು ನಂಬಿ ಕೊಳ್ಳುತ್ತಾರೆ.

ಕೆಸರನ್ನು ಸುರಕ್ಷಿತ ಮಾಡುವುದು ಬಿಸಿ ಮತ್ತು ಸಮಯ. ಕೊಳಚೆ ಕೆಸರನ್ನು ಹೊಲಕ್ಕೆ ಹಾಕುವ ಬಗ್ಗೆ ಅಮೆರಿಕ 1993ರಲ್ಲಿ ಮಾಡಿದ ನಿಯಮವನ್ನು ಬೇರೆ ದೇಶದವರೂ ನೋಡುತ್ತಾರೆ. ಅದರಲ್ಲಿ ಸಂಸ್ಕರಿಸಿದ ಕೆಸರಿಗೆ ಎರಡು ದರ್ಜೆ ಇದೆ. ಮೇಲಿನ ದರ್ಜೆಗೆ, ಉದ್ದನೆ ರಾಶಿ ಹಾಕಿ ಕಾಂಪೋಸ್ಟ್ ಮಾಡಿದರೆ ರಾಶಿಯ ಬಿಸಿ 15 ದಿನ 55 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯಬಾರದು. ಅಷ್ಟರಲ್ಲಿ ಕನಿಷ್ಠ 5 ಸಲ ಮಗುಚಬೇಕು, ಯಾಕೆಂದರೆ ಹೊರಗಿನ ಪದರ ತಣ್ಣಗೇ ಉಳಿದಿರುತ್ತದೆ. ಮುಗಿದ ಮೇಲೆ ಪರೀಕ್ಷೆ. ಒಣ ಗೊಬ್ಬರದ 1 ಗ್ರಾಂನಲ್ಲಿ ಮಲದ ಕೋಲಿಫಾರಂ ಬ್ಯಾಕ್ಟೀರಿಯಾ 1000ಕ್ಕಿಂತ ಕಡಿಮೆ ಇರಬೇಕು. ನೀವು ಹೇಳುವ ಎರಡು ತಿಂಗಳ ಬಿಸಿಲು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಕೆಳಗಿನ ದರ್ಜೆಗೆ ಸುಣ್ಣದ ದಾರಿಯೂ ಇದೆ. ಸುಣ್ಣ ಕಲಸಿ ಎರಡು ಗಂಟೆಯ ನಂತರ ಪಿಎಚ್ (ಕ್ಷಾರ ಎಷ್ಟಿದೆ ಎನ್ನುವ ಅಳತೆ) 12 ಇರಬೇಕು. ಆದರೆ ಅದರಲ್ಲಿ ರೋಗಾಣು ಉಳಿದಿರುತ್ತದೆ ಅಂತಲೇ ಹಿಡಿಯುತ್ತಾರೆ. ಹಾಗಾಗಿ ಬೆಳೆಗೆ ಕಾಯುವ ಅವಧಿ ಇಟ್ಟಿದ್ದಾರೆ. ಅಂಥ ಕೆಸರನ್ನು ಬೇಗನೆ ಉತ್ತು ಮಣ್ಣಿಗೆ ಸೇರಿಸಿದರೆ, ನೆಲದೊಳಗೆ ಬೆಳೆಯುವುದನ್ನು 38 ತಿಂಗಳು ಕೀಳುವಂತಿಲ್ಲ. ಮೂರು ವರ್ಷದ ಮೇಲಾಯಿತು! ಇನ್ನು ಏನೂ ಮಾಡದ ಹಸಿ ಕೆಸರಿನ ಮಾತು ಬಿಡಿ.

ಕೆಸರಿನಲ್ಲಿ ಸೇರಿರಬಹುದಾದ ಲೋಹದ ಚಿಂತೆಯೂ ಇದೆ. ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶ, ನಗರದ ಕಾಂಪೋಸ್ಟ್‌ನಲ್ಲಿ ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ. ಬಿಸಿಯಿಂದ ಹುಳದ ಮೊಟ್ಟೆ ಸಾಯಬಹುದು, ಸೀಸ ಎಲ್ಲಿಗೂ ಹೋಗುವುದಿಲ್ಲ.

ನನಗೆ ಜಾಸ್ತಿ ಹೆದರಿಕೆ ಮಳೆಯದ್ದು. ನಮ್ಮ ಕರಾವಳಿಯ ಜೂನ್ ಮಳೆಗೆ ಗದ್ದೆಯ ಮೂಲೆಯಲ್ಲಿ ಸುರಿದ ಕೆಸರಿನ ರಾಶಿ ಮೂಲೆಯಲ್ಲೇ ನಿಲ್ಲುತ್ತದಾ? ಅಕ್ಕಪಕ್ಕದ ಬಾವಿಗೆ ಇಳಿಯುತ್ತದೆ. ನೀವು ಕುಡಿಯುವ ನೀರು ಅದೇ ಅಲ್ವಾ?

ಗಾಡಿಯವರಿಗೆ ಸುರಿಯಲು ಬಿಡಬೇಡಿ. ಎಲ್ಲಿ ಖಾಲಿ ಮಾಡಬೇಕು ಅಂತ ಪುರಸಭೆಯಲ್ಲಿ ಕೇಳಲಿ. ಮುಂದೆ ಯಾರಾದರೂ ಸಂಸ್ಕರಿಸಿದ ಗೊಬ್ಬರ ಅಂತ ತಂದರೆ ಪರೀಕ್ಷೆಯ ವರದಿ ಕೇಳಿ. ವರದಿಯಲ್ಲಿ ಜಂತುಹುಳದ ಮೊಟ್ಟೆ, ಬ್ಯಾಕ್ಟೀರಿಯಾ, ಲೋಹ ಮೂರೂ ಇರಬೇಕು. ಸರಿ ಇದ್ದರೂ ಮೊದಲು ತೆಂಗಿನ ಬುಡಕ್ಕೆ ಹಾಕಿ. ಈ ವರ್ಷದ ಈರುಳ್ಳಿಗೆ ಹಟ್ಟಿಗೊಬ್ಬರವೇ ಇರಲಿ.