ಅಪ್‌ಡೇಟ್ ನಿಂತಿದೆ, ಕಂಪ್ಯೂಟರ್ ನಿಂತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿತಲ್ಲ, ಈಗೇನು ಮಾಡೋದು ಅಂತ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಪುಟವನ್ನು ಇದಕ್ಕೇ ಬಿಟ್ಟಿದ್ದೇನೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ‘ಸಪೋರ್ಟ್ ಮುಗಿದಿದೆ’ ಎಂಬ ಸೂಚನೆ ಆಗಾಗ ಬರುತ್ತದೆ. ಆದರೆ ಎಲ್ಲವೂ ಎಂದಿನಂತೆ ನಡೆಯುತ್ತಿದೆ. ಸುಮ್ನೆ ಹೀಗೇ ಬಳಸಿಕೊಂಡು ಹೋದರೆ ಏನಾಗುತ್ತದೆ?
*– ನಿವೃತ್ತ ಶಿಕ್ಷಕಿ*

ನಾಳೆ ಬೆಳಿಗ್ಗೆ ಏನೂ ಆಗುವುದಿಲ್ಲ ಮೇಡಂ. ತೊಂದರೆ ಇರುವುದೇ ಅಲ್ಲಿ. ಏನಾದರೂ ಕೆಟ್ಟು ನಿಂತಿದ್ದರೆ ನೀವೇ ಎಚ್ಚೆತ್ತುಕೊಳ್ಳುತ್ತಿದ್ದಿರಿ.

ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಆಮೇಲೆ ಭದ್ರತೆಯಲ್ಲಿ ಸಿಗುವ ತೂತುಗಳನ್ನು ಮುಚ್ಚಲು ಯಾರೂ ಬರುವುದಿಲ್ಲ. ಇನ್ನೊಂದು ಸಂಗತಿ ಇದೆ. ವಿಂಡೋಸ್ 10 ಮತ್ತು 11ರ ಒಳಗಿನ ಎಷ್ಟೋ ಭಾಗ ಒಂದೇ. 11ಕ್ಕೆ ಪ್ರತಿ ತಿಂಗಳು ತೇಪೆ ಬಿಡುಗಡೆಯಾದಾಗ ಕಳ್ಳರು ಅದನ್ನು ಬಿಚ್ಚಿ ನೋಡುತ್ತಾರೆ. ತೇಪೆ ಎಲ್ಲಿ ಹಾಕಿದ್ದಾರೆ ಅಂತ ಗೊತ್ತಾದರೆ ತೂತು ಎಲ್ಲಿತ್ತು ಅಂತಲೂ ಗೊತ್ತಾಯಿತು, ಅಲ್ವಾ? ಅದೇ ತೂತು ನಿಮ್ಮ 10ರಲ್ಲಿ ಹಾಗೇ ಉಳಿದಿರಬಹುದು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2017ರ ಮೇ 12, ಶುಕ್ರವಾರ, ‘ವಾನಾಕ್ರೈ’ ಎಂಬ ವೈರಸ್ ಜಗತ್ತಿನ ತುಂಬ ಹರಡಿತು. ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಅದು ಒಳಗೆ ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಅಂದರೆ ಸುಮಾರು ಎರಡು ತಿಂಗಳ ಮೊದಲೇ. ನಾನು ಆಗ ಒಂದು ಸಣ್ಣ ಆಫೀಸಿನ ಹನ್ನೊಂದು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಅಪ್‌ಡೇಟ್ ಆದಾಗಲೆಲ್ಲ ಪ್ರಿಂಟರ್ ಕೈಕೊಡುತ್ತದೆ ಅಂತ ಮೂರರಲ್ಲಿ ಅಪ್‌ಡೇಟನ್ನೇ ಆಫ್ ಮಾಡಿಟ್ಟಿದ್ದೆ. ನನ್ನದೇ ಬುದ್ಧಿವಂತಿಕೆ. ಶನಿವಾರ ಬೆಳಿಗ್ಗೆ ಸುದ್ದಿ ಕೇಳಿ ಓಡಿಹೋಗಿ, ಮೇಜಿನ ಕೆಳಗೆ ತೂರಿ, ಆ ಮೂರರ ನೆಟ್‌ವರ್ಕ್ ಕೇಬಲ್ ಕಿತ್ತೆ. ಅದೃಷ್ಟಕ್ಕೆ ಏನೂ ಆಗಿರಲಿಲ್ಲ. ಮೊಣಕಾಲು ಮಾತ್ರ ತರಚಿತ್ತು.

ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋಗಿ. ‘ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್’ಗೆ ಸೇರುವ ಕೊಂಡಿ ಅಲ್ಲಿರುತ್ತದೆ. ಮನೆ ಬಳಕೆಯವರಿಗೆ ಇದು 2026ರ ಅಕ್ಟೋಬರ್ 13ರವರೆಗೆ ಎಂದು ಕಂಪನಿ ಘೋಷಿಸಿದೆ. ನಿಮ್ಮಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಹಣ ಕೊಟ್ಟು ಸೇರಬಹುದು. ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಸಿಂಕ್ ಮಾಡಲು ಒಪ್ಪಿದರೆ ಹಣವಿಲ್ಲದೆಯೂ ಸೇರಬಹುದು. ಸಿಗುವುದು ಭದ್ರತೆಯ ತೇಪೆ ಮಾತ್ರ, ಹೊಸದೇನೂ ಬರುವುದಿಲ್ಲ. ಈ ಅವಧಿ ಇರುವುದು ಮುಂದಿನ ದಾರಿ ಯೋಚಿಸಲಿಕ್ಕೆ. ಮರೆತು ಕೂರಲಿಕ್ಕಲ್ಲ.

‘ಆಂಟಿವೈರಸ್ ಇದೆಯಲ್ಲ’ ಅಂತ ಕೇಳಿದವರು ಬೇರೆ ನಾಲ್ಕು ಜನ ಇದ್ದಾರೆ. ನಿಜ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ. ಅಂದರೆ ಬಾಗಿಲಲ್ಲಿ ಕಾವಲುಗಾರ ಇರುತ್ತಾನೆ. ಹಿಂದಿನ ಗೋಡೆ ಬಿದ್ದಿದ್ದರೆ ಅವನೇನು ಮಾಡಿಯಾನು?

ವಿಂಡೋಸ್ 11 ಹಾಕಲು ಹೋದರೆ ‘ಟಿಪಿಎಂ 2.0 ಇಲ್ಲ’ ಎನ್ನುತ್ತದೆ. ಹೊಸ ಕಂಪ್ಯೂಟರೇ ಕೊಳ್ಳಬೇಕೇ?

ತಡೆಯಿರಿ. ಟಿಪಿಎಂ ಅಂದರೆ ಬೀಗದ ಕೀಲಿಗಳನ್ನು ಕಾಪಾಡಲು ಯಂತ್ರದೊಳಗೇ ಇರುವ ಭದ್ರತಾ ವ್ಯವಸ್ಥೆ. ‘ಇಲ್ಲ’ ಅಂದರೆ ಎಷ್ಟೋ ಸಲ ‘ಆಫ್ ಆಗಿದೆ’ ಅಂತಲೇ ಅರ್ಥ. ಮೊದಲು ಪ್ರೊಸೆಸರ್ ಹೆಸರು ನೋಡಿ. ಇಂಟೆಲ್ ಆದರೆ, ಒಂದೆರಡು ಅಪವಾದ ಬಿಟ್ಟರೆ, 8ನೇ ತಲೆಮಾರು ಅಥವಾ ಆಮೇಲಿನದು ಬೇಕು. ‘ಐ5-7200ಯು’ ಅಂತಿದ್ದರೆ ಅದು 7ನೆಯದು, ಪಟ್ಟಿಯಲ್ಲಿಲ್ಲ. ‘ಐ5-8250ಯು’ ಅಂತಿದ್ದರೆ 8ನೆಯದು, ಪಾಸ್. ಪಾಸಾದ ಯಂತ್ರದಲ್ಲೂ ಟಿಪಿಎಂ ಇಲ್ಲ ಎಂದು ಬಂದರೆ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಹುಡುಕಿ. ಅಲ್ಲಿ ಟಿಪಿಎಂ ಅನ್ನುವ ಹೆಸರೇ ಇಲ್ಲದಿರಬಹುದು. ಇಂಟೆಲ್‌ನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಎಂದು ಇರುತ್ತದೆ. ಅದನ್ನು ಆನ್ ಮಾಡಿ.

ಆದರೆ ಬಯೋಸ್‌ಗೆ ಕೈಹಾಕುವ ಮೊದಲು ಬಿಟ್‌ಲಾಕರ್ ಕೀಲಿ ಬರೆದಿಟ್ಟುಕೊಳ್ಳಿ. ಡಿಸ್ಕಿಗೆ ಆ ಬೀಗ ಬಿದ್ದಿರುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ನನ್ನ ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಇಂಥದೇ ಒಂದು ಸೆಟ್ಟಿಂಗ್ ಬದಲಿಸಿ ಮತ್ತೆ ಆನ್ ಮಾಡಿದೆ. ನೀಲಿ ಪರದೆ ಬಂತು, 48 ಅಂಕೆಯ ಕೀಲಿ ಕೊಡು ಎಂದಿತು. ಅದು ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿತ್ತು. ಖಾತೆಯ ಪಾಸ್‌ವರ್ಡ್ ಇದ್ದದ್ದು ಅದೇ ಲ್ಯಾಪ್‌ಟಾಪಿನ ಒಂದು ಫೈಲಿನಲ್ಲಿ! ಪಾಸ್‌ವರ್ಡ್ ಬದಲಿಸಿ ಒಳಗೆ ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ತಂಗಿ ಮಾತಾಡದೆ ಪಕ್ಕದಲ್ಲೇ ಕೂತಿದ್ದಳು. ಬೈದಿದ್ದರೆ ವಾಸಿಯಿತ್ತು.

ರೂಫಸ್ ಎಂಬ ಉಪಕರಣದಿಂದ ಈ ತಪಾಸಣೆಗಳನ್ನೇ ದಾಟಿಸಿ 11 ಹಾಕಬಹುದು. ನನ್ನ ಹಳೆಯ ಯಂತ್ರವೊಂದರಲ್ಲಿ ಹಾಗೆ ಮಾಡಿದ್ದೇನೆ, ಓಡುತ್ತಿದೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ತೀರಾ ಹಳೆಯ ಕೆಲವು ಪ್ರೊಸೆಸರ್‌ಗಳು ಹೊರಗುಳಿದೇ ಬಿಟ್ಟವು. ನಿಮ್ಮದರಲ್ಲಿ ಬೇಕಾದರೆ ಆಟ ಆಡಿ. ಇನ್ನೊಬ್ಬರಿಗೆ ಹಾಗೆ ಹಾಕಿಕೊಡಬೇಡಿ. ಅವರ ಫೋನ್ ಕರೆ ನಿಮಗೇ ಬರುತ್ತದೆ.

ಅಪ್ಪನ ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಡೋಣ ಅಂದುಕೊಂಡಿದ್ದೇನೆ. ಅವರಿಗೆ 71 ವರ್ಷ. ಹೊಂದಿಕೊಳ್ಳುತ್ತಾರಾ? ಯಾವ ಲಿನಕ್ಸ್ ಒಳ್ಳೆಯದು?

ಲಿನಕ್ಸ್ ಅಂದರೆ ವಿಂಡೋಸ್ ಜಾಗದಲ್ಲಿ ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ, ಅದರಲ್ಲಿ ಹಲವು ಬಗೆ. ಎರಡನೆಯ ಪ್ರಶ್ನೆ ಆಮೇಲೆ. ಮೊದಲು ಒಂದು ದಿನ ಅಪ್ಪನ ಪಕ್ಕದಲ್ಲಿ ಕೂತು ಅವರು ಏನೇನು ತೆರೆಯುತ್ತಾರೆ ಅಂತ ಬರೆದುಕೊಳ್ಳಿ. ಕೇಳಬೇಡಿ, ನೋಡಿ. ಕೇಳಿದರೆ ‘ಏನಿಲ್ಲಪ್ಪ, ಇಮೇಲು’ ಅಂತಾರೆ. ನೋಡಿದರೆ ಹದಿನೈದು ವರ್ಷದ ಹಿಂದಿನ ಒಂದು ಎಕ್ಸೆಲ್ ಹಾಳೆ, ಅದರೊಳಗೆ ಅವರೇ ಕಟ್ಟಿದ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂ) ಎಲ್ಲ ಹೊರಬರುತ್ತದೆ.

ಬ್ರೌಸರ್, ಇಮೇಲ್, ವಿಡಿಯೊ, ಫೋಟೊ, ಒಂದಿಷ್ಟು ಪತ್ರ ಬರೆಯುವುದು ಇಷ್ಟೇ ಆದರೆ ಧೈರ್ಯವಾಗಿ ಹಾಕಿ. ವಯಸ್ಸು ಅಡ್ಡ ಬರುವುದಿಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಗೊಣಗುವವರು ಮೂವತ್ತರ ಆಸುಪಾಸಿನವರು. ಮೈಕ್ರೋಸಾಫ್ಟ್ ಆಫೀಸಿನ ಇನ್‌ಸ್ಟಾಲ್ ಮಾಡುವ ಆವೃತ್ತಿ, ಫೋಟೊಶಾಪ್, ವಿಂಡೋಸ್‌ಗೆಂದೇ ಮಾಡಿದ ಲೆಕ್ಕಪತ್ರದ ತಂತ್ರಾಂಶ ಬೇಕೇಬೇಕು ಅಂದರೆ ಲಿನಕ್ಸ್ ಕಡೆ ಹೋಗಬೇಡಿ. ಲಿನಕ್ಸ್‌ನಲ್ಲಿ ಸಿಗುವ ಉಚಿತ ಲಿಬ್ರೆ ಆಫೀಸ್ ವರ್ಡ್ ಕಡತ ತೆರೆಯುತ್ತದೆ, ಸಾಮಾನ್ಯ ಪತ್ರಕ್ಕೆ ಧಾರಾಳ ಸಾಕು. ಕೋಷ್ಟಕದೊಳಗೆ ಕೋಷ್ಟಕ ಇರುವ ಕಡತವಾದರೆ ಅಲ್ಲಿ ಇಲ್ಲಿ ಜರುಗುತ್ತದೆ.

ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗಿನ ಪಟ್ಟಿ, ಮೂಲೆಯ ಮೆನು, ಗಡಿಯಾರ ಎಲ್ಲ ವಿಂಡೋಸ್ ಬಳಸಿದವರಿಗೆ ಗುರುತು ಸಿಗುವ ಜಾಗದಲ್ಲೇ ಇವೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ರ‍್ಯಾಮ್ ಕನಿಷ್ಠ ಅನ್ನುತ್ತಾರೆ, 4 ಇಲ್ಲದಿದ್ದರೆ ನೆಮ್ಮದಿಯಿಲ್ಲ. ಯಂತ್ರ ನಿಧಾನವಾಗಿದ್ದರೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ಅದರಲ್ಲೇ ಇದೆ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರಾಯಿತು. ಯುನಿಕೋಡ್ ಅಲ್ಲದ ಹಳೆಯ ಕನ್ನಡ ಕಡತಗಳಿದ್ದರೆ ವಿಂಡೋಸ್ ಇರುವಾಗಲೇ ಪರಿವರ್ತಿಸಿಡಿ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಡಿಸ್ಕಿನಲ್ಲಿರುವುದನ್ನು ಅದು ಮುಟ್ಟುವುದಿಲ್ಲ. ವೈಫೈ ಸಿಗುತ್ತಾ, ಧ್ವನಿ ಬರುತ್ತಾ, ಕ್ಯಾಮೆರಾ, ಪ್ರಿಂಟರ್ ನಡೆಯುತ್ತವಾ ನೋಡಿ. ಲ್ಯಾಪ್‌ಟಾಪ್ ಆದರೆ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಯಿಂದ ಏಳದ ಯಂತ್ರಗಳಿವೆ. ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ.

ಈಗ ಬ್ಯಾಕಪ್. ಅದನ್ನು ನಾನು ಉಪದೇಶ ಮಾಡುವ ಹಾಗಿಲ್ಲ, ನಡೆದದ್ದು ಹೇಳುತ್ತೇನೆ. ಮಿಂಟ್ ಬರೆಯಲು ಒಂದು ಪೆನ್‌ಡ್ರೈವ್ ಚುಚ್ಚಿದ್ದೆ. ಇನ್ನೊಂದು ಮೊದಲೇ ಹಿಂದುಗಡೆ ಚುಚ್ಚಿತ್ತು, ಅದು ಮರೆತೇಹೋಗಿತ್ತು. ಎರಡೂ 32 ಜಿಬಿ. ಪರದೆಯಲ್ಲಿ ಎರಡು ಸಾಲು ಬಂದವು, ಹೆಸರಿನ ಕೊನೆಯ ಅಕ್ಷರ ಮಾತ್ರ ಬೇರೆ. ನಾನು ಮೇಲಿನದನ್ನು ಆರಿಸಿದೆ. ಹಿಂದಿನ ಪೆನ್‌ಡ್ರೈವ್‌ನಲ್ಲಿ ಅಮ್ಮನ ಹಳೆಯ ಆಲ್ಬಂಗಳನ್ನು ಎರಡು ತಿಂಗಳು ಕೂತು ಸ್ಕ್ಯಾನ್ ಮಾಡಿದ ಫೋಟೊಗಳಿದ್ದವು. ಹಸಿರು ಪಟ್ಟಿ ಅರ್ಧ ತುಂಬುವ ಹೊತ್ತಿಗೆ ಹಿಂದುಗಡೆಯ ದೀಪ ಮಿನುಗುತ್ತಿರುವುದು ಕಂಡಿತು. ಮುಂದಿನದರ ದೀಪ ಆರಿತ್ತು.

ಮಿಂಟ್ ಬರೆದುಕೊಂಡಷ್ಟು ಜಾಗದಲ್ಲಿದ್ದದ್ದು ಹೋಯಿತು. ಉಳಿದವನ್ನು ಫೋಟೊರೆಕ್ ಎಂಬ ಉಚಿತ ಉಪಕರಣ ಹುಡುಕಿಕೊಟ್ಟಿತು. ಆದರೆ ಹೆಸರಿಲ್ಲದೆ. ‘ಚಿಕ್ಕಮ್ಮನ ಮದುವೆ’ ಅಂತ ಇದ್ದ ಫೋಲ್ಡರ್ ಹೋಗಿ, ಎಲ್ಲ ಚಿತ್ರಕ್ಕೂ ಒಂದು ಅಕ್ಷರ, ಅದರ ಮುಂದೆ ಉದ್ದ ಅಂಕೆ. ಇವತ್ತಿಗೂ ಅವು ಹಾಗೇ ಇವೆ. ಈಗ ಇಂಥ ಕೆಲಸಕ್ಕೆ ಕೂತಾಗ ಬೇರೆ ಪೆನ್‌ಡ್ರೈವ್‌ಗಳನ್ನೆಲ್ಲ ಕಿತ್ತು ಇನ್ನೊಂದು ಕೋಣೆಯಲ್ಲಿ ಇಟ್ಟು ಬರುತ್ತೇನೆ.

ಕ್ರೋಮ್‌ಓಎಸ್ ಫ್ಲೆಕ್ಸ್ ಹೇಗೆ?

ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಹಾಕಿಕೊಳ್ಳಲು ಗೂಗಲ್ ಕೊಡುವ ವ್ಯವಸ್ಥೆ ಇದು. ಬ್ರೌಸರ್ ಒಂದೇ ಸಾಕು ಎನ್ನುವವರಿಗೆ ಚೆನ್ನಾಗಿದೆ. 4 ಜಿಬಿ ರ‍್ಯಾಮ್ ಬೇಕು. ಫೋನಿನ ಆ್ಯಪ್‌ಗಳು ಸಿಗುತ್ತವೆ ಅಂದುಕೊಂಡು ಹಾಕಬೇಡಿ, ಪ್ಲೇ ಸ್ಟೋರ್ ಅದರಲ್ಲಿಲ್ಲ. ಯಾವ ಮಾದರಿಗೆ ಎಲ್ಲಿಯವರೆಗೆ ಸಪೋರ್ಟ್ ಎಂಬ ಪಟ್ಟಿ ಗೂಗಲ್‌ನವರೇ ಇಟ್ಟಿದ್ದಾರೆ, ಅದನ್ನು ಮೊದಲು ನೋಡಿ.

ನನ್ನದು ವಿಂಡೋಸ್ 7. ರ‍್ಯಾಮ್ 2 ಜಿಬಿ. ಕ್ರೋಮ್ ಕೂಡ ಅಪ್‌ಡೇಟ್ ಆಗುತ್ತಿಲ್ಲ.

ಆಗುವುದೂ ಇಲ್ಲ. 7ಕ್ಕೆ ಸಪೋರ್ಟ್ 2020ರ ಜನವರಿ 14ಕ್ಕೆ ಮುಗಿದಿದೆ. ಅದರ ಮೇಲೆ ಓಡುವ ಕೊನೆಯ ಕ್ರೋಮ್ 109. ಈ ಯಂತ್ರದಲ್ಲಿ ಬ್ಯಾಂಕ್ ಕೆಲಸ ಇವತ್ತೇ ನಿಲ್ಲಿಸಿ. ಪ್ರೊಸೆಸರ್ ಕೋರ್ 2 ಡ್ಯುಯೋ ಅಥವಾ ಆಮೇಲಿನ ಕೋರ್ ಐ ಸರಣಿಯದಾದರೆ 64 ಬಿಟ್ ಲಿನಕ್ಸ್ ಓಡುತ್ತದೆ. 32 ಬಿಟ್ ವಿಂಡೋಸ್ ಇದ್ದ ಮಾತ್ರಕ್ಕೆ ಯಂತ್ರವೂ 32 ಬಿಟ್ ಅಂದುಕೊಳ್ಳಬೇಡಿ. ರ‍್ಯಾಮ್ 4ಕ್ಕೆ ಏರಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಕಂಪ್ಯೂಟರ್ ಅಂತ ನಂಬಲಾರಿರಿ. ನಿಜವಾಗಿ 32 ಬಿಟ್ ಯಂತ್ರವೇ ಆಗಿದ್ದರೆ ಬಿಟ್ಟುಬಿಡಿ. ಡೆಬಿಯನ್ ಎಂಬ ಲಿನಕ್ಸ್ ಕೂಡ 13ನೇ ಆವೃತ್ತಿಯಿಂದ ಅದಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ.

ಮ್ಯಾಕ್‌ನವರಿಗೂ ಈ ತಲೆನೋವು ಇದೆಯೇ?

ಇದೆ, ಸದ್ದು ಕಡಿಮೆ ಅಷ್ಟೇ. ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಿಗೆ 2025ರಲ್ಲಿ ಬಂದ ಮ್ಯಾಕ್‌ಓಎಸ್ ‘ತಾಹೋ’ವೇ ಕೊನೆಯ ಆವೃತ್ತಿ. ಅದೂ ಎಲ್ಲ ಇಂಟೆಲ್ ಮ್ಯಾಕ್‌ಗಳಿಗಿಲ್ಲ.

ನಮ್ಮಲ್ಲಿ ಒಂದು ದೊಡ್ಡ ಸ್ಕ್ಯಾನರ್ ಇದೆ. ಅದರ ಡ್ರೈವರ್ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತದೆ. ಸ್ಕ್ಯಾನರ್ ಚೆನ್ನಾಗಿದೆ, ಬಿಸಾಡಲು ಮನಸ್ಸಿಲ್ಲ.

ಬಿಸಾಡಬೇಡಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಕೊನೆ. ಆದರೆ ಇಂಟರ್‌ನೆಟ್ ಕಾಣದ ಎಕ್ಸ್‌ಪಿ ಇನ್ನೂ ಎಷ್ಟೋ ವರ್ಷ ಕೆಲಸ ಮಾಡೀತು. ಆ ಕಂಪ್ಯೂಟರನ್ನು ಸ್ಕ್ಯಾನರಿನ ಒಂದು ಭಾಗ ಅಂತಲೇ ತಿಳಿಯಿರಿ. ನೆಟ್‌ವರ್ಕ್ ಕೇಬಲ್ ತೆಗೆಯಿರಿ. ವೈಫೈ ಕಾರ್ಡ್ ಇದ್ದರೆ ಅದನ್ನೂ ಬಿಚ್ಚಿಡಿ, ಆಫ್ ಮಾಡಿದರೆ ಯಾರೋ ಆನ್ ಮಾಡುತ್ತಾರೆ. ಚಿತ್ರ ಸಾಗಿಸಲು ಒಂದೇ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಬೇರೆ ಯಾವುದಕ್ಕೂ ಬಳಸಬೇಡಿ. ಆ ಕಡೆ ಹೋಗಿ ಬಂದಾಗಲೆಲ್ಲ ಹೊಸ ಕಂಪ್ಯೂಟರಿನಲ್ಲಿ ಅದನ್ನು ವೈರಸ್ ತಪಾಸಣೆ ಮಾಡಿ.

ಅಂಥ ಯಂತ್ರದಲ್ಲಿ ನನಗೆ ವೈರಸ್‌ಗಿಂತ ಭಯ ಹಾರ್ಡ್ ಡಿಸ್ಕಿನದು. ಅದು ಇಷ್ಟು ವರ್ಷ ತಿರುಗಿದ್ದೇ ಹೆಚ್ಚು. ಕ್ಲೋನ್‌ಜಿಲ್ಲಾ ಎಂಬ ಉಚಿತ ಉಪಕರಣದಿಂದ ಪೂರ್ತಿ ಡಿಸ್ಕಿನ ನಕಲು ತೆಗೆದು ಇನ್ನೊಂದು ಡಿಸ್ಕಿಗೆ ಹಾಕಿಡಿ. ಸುಮ್ನೆ ತೆಗೆದಿಟ್ಟರೆ ಸಾಲದು. ಒಮ್ಮೆ ಅದನ್ನೇ ಜೋಡಿಸಿ ಆನ್ ಮಾಡಿ, ಒಂದು ಹಾಳೆ ಸ್ಕ್ಯಾನ್ ಆಗುತ್ತಾ ನೋಡಿ. ಆಮೇಲೆ ಅದರ ಮೇಲೆ ದೊಡ್ಡದಾಗಿ ತಾರೀಕು ಬರೆದು ಸ್ಕ್ಯಾನರಿನ ಪಕ್ಕದಲ್ಲೇ ಇಡಿ. ಡ್ರೈವರ್ ಸಿಡಿ ಇನ್ನೂ ಇದ್ದರೆ ಅದರ ನಕಲೂ ಅಲ್ಲೇ ಇರಲಿ.