ಹಾಡುಹಕ್ಕಿಗಳ ತಲೆ ಎಣಿಸಿದರೆ ಸಾಲದೇ, ಡಿಎನ್‌ಎ ಯಾಕೆ?

ಪ್ರಶ್ನೆ: ಅಳಿವಿನಂಚಿನಲ್ಲಿರುವ ಹಾಡುಹಕ್ಕಿಗಳನ್ನು ಹಿಡಿದು, ರಕ್ತ ತೆಗೆದು, ಜೆನೆಟಿಕ್ ಮಾರ್ಕರ್ ಪರೀಕ್ಷೆ ಮಾಡುತ್ತಾರಂತೆ. ಎಷ್ಟಿವೆ ಎಂದು ಎಣಿಸಿ, ಅವುಗಳ ಕಾಡು ಉಳಿಸಿದರೆ ಸಾಲದೇ? ಅಷ್ಟು ಪುಟ್ಟ ಜೀವಕ್ಕೆ ಸೂಜಿ ಚುಚ್ಚುವುದು ಸರಿಯೇ?

ಉತ್ತರ: ಕಾಡು ಉಳಿಸುವುದೇ ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಣಿಕೆಯನ್ನಷ್ಟೇ ನಂಬಿ ಕೂತರೆ ಮೋಸ ಹೋಗುತ್ತೇವೆ. ಅಮೆರಿಕದ ಫ್ಲಾರಿಡಾದಲ್ಲಿ ಸ್ಕ್ರಬ್ ಜೇ ಎಂಬ ನೀಲಿ ಹಕ್ಕಿಯಿದೆ. ಕಾಗೆಯ ಬಳಗದ್ದಾದರೂ ವರ್ಗೀಕರಣದಲ್ಲಿ ಅದೂ ಹಾಡುಹಕ್ಕಿಯೇ. ಅಲ್ಲಿನ ಆರ್ಚ್‌ಬೋಲ್ಡ್ ಸಂಶೋಧನಾ ಕೇಂದ್ರದಲ್ಲಿ 1969ರಿಂದ ಈ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ತಲೆಮಾರುಗಳ ವಂಶಾವಳಿ ಬರೆದಿಟ್ಟಿದ್ದಾರೆ. ಸಂರಕ್ಷಿತ ಜಾಗದೊಳಗೆ ಹಕ್ಕಿಗಳ ಸಂಖ್ಯೆ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ಆದರೆ ಸುತ್ತಲಿನ ಪೊದೆಗಾಡು ಕರಗಿ, ಹೊರಗಿನಿಂದ ಬಂದು ಸೇರುವ ಹಕ್ಕಿಗಳು ಕಡಿಮೆಯಾಗಿದ್ದವು. 2016ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿದ್ದೇನೆಂದರೆ, ಜೋಡಿಯಾಗುವ ಹಕ್ಕಿಗಳ ನಡುವಿನ ರಕ್ತಸಂಬಂಧ ಹತ್ತಿರವಾಗುತ್ತಾ ಬಂದಿತ್ತು, ಮೊಟ್ಟೆಯೊಡೆದು ಮರಿಯಾಗುವುದು ಇಳಿಯುತ್ತಿತ್ತು. ಬರೀ ಎಣಿಕೆಯಲ್ಲಿ ಇದು ಕಾಣುವಂಥದ್ದಲ್ಲ.

ಮಾರ್ಕರ್ ಎಂದರೆ ಡಿಎನ್‌ಎಯಲ್ಲಿ ಹಕ್ಕಿಯಿಂದ ಹಕ್ಕಿಗೆ ಬದಲಾಗುವ ಒಂದು ಜಾಗ. ಉದಾಹರಣೆಗೆ, ಡಿಎನ್‌ಎಯ ರಾಸಾಯನಿಕ ಅಕ್ಷರಗಳಲ್ಲಿ ‘ಸಿಎ’ ಎಂಬ ಜೋಡಿ ಒಂದು ಹಕ್ಕಿಯಲ್ಲಿ 12 ಸಲ ಮರುಕಳಿಸಿದರೆ ಇನ್ನೊಂದರಲ್ಲಿ 15 ಸಲ. ಇಂಥ ಹಲವು ಜಾಗಗಳನ್ನು ಒಟ್ಟಿಗೆ ನೋಡಿದರೆ ಯಾವ ಮರಿ ಯಾರದ್ದು, ಯಾವ ಎರಡು ಹಕ್ಕಿ ಒಡಹುಟ್ಟು ಎಂದು ಹೇಳಬಹುದು. ಗಂಡು-ಹೆಣ್ಣು ನೋಟಕ್ಕೆ ಒಂದೇ ಥರ ಇರುವ ಪ್ರಭೇದಗಳಲ್ಲಿ ಲಿಂಗವೂ ತಿಳಿಯುತ್ತದೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ‘ಝಡ್’ ವರ್ಣತಂತು, ಹೆಣ್ಣಿಗೆ ಒಂದು ‘ಝಡ್’, ಒಂದು ‘ಡಬ್ಲ್ಯು’. ಹಾಗಾಗಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗಂಡಿಗೆ ಒಂದು ಪಟ್ಟೆ, ಹೆಣ್ಣಿಗೆ ಎರಡು ಪಟ್ಟೆ ಮೂಡುತ್ತದೆ.

ಇದರ ಪ್ರಯೋಜನ ಚೆನ್ನಾಗಿ ಕಂಡಿರುವುದು ಹಿಂದೂ ಮಹಾಸಾಗರದ ಸೇಷೆಲ್ಸ್ ದ್ವೀಪಗಳಲ್ಲಿರುವ ಸೇಷೆಲ್ಸ್ ವಾರ್ಬ್ಲರ್ ಎಂಬ ಪುಟ್ಟ ಹಾಡುಹಕ್ಕಿಯಲ್ಲಿ. 1960ರ ದಶಕದಲ್ಲಿ ಅವು ಉಳಿದಿದ್ದದ್ದು ಕಸಿನ್ ಎಂಬ ಒಂದೇ ದ್ವೀಪದಲ್ಲಿ, 30ಕ್ಕಿಂತ ಕಡಿಮೆ. ತೆಂಗಿನ ತೋಟವಾಗಿದ್ದ ದ್ವೀಪಕ್ಕೆ ಸ್ಥಳೀಯ ಕಾಡು ಮರಳಿದ ಮೇಲೆ ಸಂಖ್ಯೆ ಚೇತರಿಸಿತು. ಮುಂದೆ 1988ರಿಂದ 2011ರ ನಡುವೆ ಬೇರೆ ನಾಲ್ಕು ದ್ವೀಪಗಳಿಗೂ ಹಕ್ಕಿಗಳನ್ನು ಒಯ್ದು ಬಿಟ್ಟರು. ಎಷ್ಟು ಒಯ್ಯಬೇಕು? 29 ಹಕ್ಕಿಗಳಿಂದ ಶುರುವಾದ ಎರಡು ಗುಂಪುಗಳು ತಳಿಗುಣದಲ್ಲಿ ಮೂಲಗುಂಪಿನಿಂದ ಬೇರೆಯಾಗತೊಡಗಿದ್ದನ್ನು ಮಾರ್ಕರ್‌ಗಳು ತೋರಿಸಿದವು. ಅದರ ಇಮ್ಮಡಿ ಹಕ್ಕಿಗಳಿಂದ ಶುರುವಾದವು ಹಾಗಾಗಲಿಲ್ಲ. ಇನ್ನೊಂದು ಅಚ್ಚರಿಯೂ ಹೊರಬಿತ್ತು. ಸುಮಾರು 40 ಪ್ರತಿಶತ ಮರಿಗಳ ತಂದೆ ಗೂಡು ಕಾಯುವ ಗಂಡಲ್ಲ, ಬೇರೆ ಗಂಡು! ಗೂಡು ನೋಡಿ ಬರೆದ ವಂಶಾವಳಿಯನ್ನು ನಂಬಿ ಹಕ್ಕಿಗಳನ್ನು ಆರಿಸಿದ್ದರೆ, ಗೊತ್ತಿಲ್ಲದೆಯೇ ಒಂದೇ ತಂದೆಯ ಮಕ್ಕಳನ್ನು ಜೊತೆಗೆ ಒಯ್ಯುವ ಅಪಾಯವಿತ್ತು.

ಸೂಜಿಯ ಬಗ್ಗೆ ನಿಮ್ಮ ಕಳವಳ ನ್ಯಾಯವಾದದ್ದೇ. ನಮ್ಮಂತಲ್ಲದೆ ಹಕ್ಕಿಗಳ ಕೆಂಪು ರಕ್ತಕಣಗಳಲ್ಲೂ ಕೋಶಕೇಂದ್ರವಿರುತ್ತದೆ, ಅಂದರೆ ಡಿಎನ್‌ಎ ತುಂಬಿರುತ್ತದೆ. ಹಾಗಾಗಿ ರೆಕ್ಕೆಯಡಿಯ ರಕ್ತನಾಳದಿಂದ ಒಂದು ಸಣ್ಣ ಹನಿ ಸಾಕು. ಉದುರಿದ ಗರಿಯಿಂದಲೂ ಡಿಎನ್‌ಎ ಸಿಗುತ್ತದೆ, ಆದರೆ ಕಡಿಮೆ, ಹಲವು ಸಲ ಕೆಟ್ಟಿರುತ್ತದೆ. ಅನುಮತಿ ಪಡೆದ, ಕೈ ಪಳಗಿದವರು ಮಾತ್ರ ಈ ಕೆಲಸ ಮಾಡಬೇಕು. ತೆಗೆದ ಹನಿಯನ್ನು ಆಲ್ಕೋಹಾಲ್‌ನಲ್ಲಿ ಜೋಪಾನವಾಗಿಟ್ಟರೆ ವರ್ಷಗಳ ನಂತರ ಹೊಸ ಪ್ರಶ್ನೆ ಎದ್ದಾಗಲೂ ಅದೇ ಮಾದರಿ ಉಪಯೋಗಕ್ಕೆ ಬರುತ್ತದೆ, ಅದಕ್ಕಾಗಿ ಮತ್ತೊಂದು ಹಕ್ಕಿಯನ್ನು ಬಲೆಗೆ ಕೆಡವಬೇಕಾಗುವುದಿಲ್ಲ.